ಅಭಿಮಾನವೂ ಮನೆತನದ ಆಸ್ತಿ

ಹಿರಿಯರಿಂದ ಕಿರಿಯರಿಗೆ ಬರುವ ಆಸ್ತಿ ಎರಡು ಬಗೆಯದು. ಹೊಲ, ಮನೆ, ಬಂಗಾರ, ಪಾತ್ರೆ ಪಡಗಗಳು ಕಾಗದಪತ್ರಗಳಲ್ಲಿ ದಾಖಲಾಗುವ ಆಸ್ತಿ. ಅದನ್ನು ಹಂಚಿಕೊಳ್ಳುವಾಗ ಅಣ್ಣತಮ್ಮಂದಿರಲ್ಲಿ ಮನಸ್ತಾಪ ಬರುವುದುಂಟು, ಪಂಚರು ಕೂಡ್ರುವುದುಂಟು, ನ್ಯಾಯಾಲಯದ ಮೆಟ್ಟಿಲು ಹತ್ತುವುದೂ ಉಂಟು. ಎರಡನೆಯ ಬಗೆಯ ಆಸ್ತಿಗೆ ಯಾವ ಕಾಗದವೂ ಇಲ್ಲ. ಮಾತನಾಡುವ ಧಾಟಿ, ಅತಿಥಿಗಳನ್ನು ಬರಮಾಡಿಕೊಳ್ಳುವ ರೀತಿ, ಒಂದು ಹಾಡಿನ ಮೇಲಣ ಪ್ರೀತಿ, ಒಂದು ಊರಿನ ಜಾತ್ರೆಯ ಮೇಲಣ ಸೆಳೆತ ಇವೆಲ್ಲ ಅಂಥವು. ಎಷ್ಟು ಜನ ಹಂಚಿಕೊಂಡರೂ ಇಲ್ಲಿ ಯಾರ ಪಾಲೂ ಕಡಿಮೆಯಾಗುವುದಿಲ್ಲ. ಆಟದ ತಂಡವೊಂದರ ಮೇಲಣ ಅಭಿಮಾನವನ್ನೂ ಈ ಎರಡನೆಯ ಬಗೆಗೆ ಸೇರಿಸಬೇಕೆಂದು ನಾನು ಹೇಳಿದರೆ ಕೆಲವು ಓದುಗರಿಗೆ ಸೋಜಿಗವೆನಿಸೀತು.

ಈ ವಿಷಯವನ್ನು ಎತ್ತಿಕೊಳ್ಳಲು ಕಾರಣ ತಾಯಿಯೊಬ್ಬರು ಬರೆದ ಪತ್ರ. ಅವರ ಮನೆಯಲ್ಲಿ ಕ್ರಿಕೆಟ್ ಪಂದ್ಯ ನಡೆಯುವ ದಿನ ಮಾವನವರೂ ಮಗನೂ ಊಟವನ್ನೇ ಮರೆಯುತ್ತಾರಂತೆ. ತಂಡ ಗೆದ್ದರೆ ಮನೆಯಲ್ಲಿ ಹಬ್ಬ, ಸೋತರೆ ಸೂತಕ. ‘ಮುದುಕರ ಸಹವಾಸದಿಂದ ಹುಡುಗ ಕೆಡುತ್ತಿದ್ದಾನೆಯೋ, ಇಲ್ಲವೆ ಇದರಲ್ಲಿಯೂ ಏನಾದರೂ ಒಳಿತಿದೆಯೋ, ತಿಳಿಸಿರಿ’ ಎಂದು ಅವರು ಕೇಳಿದ್ದಾರೆ. ಆಟವನ್ನು ಕಾಲಹರಣವೆಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಪ್ರಶ್ನೆ ಆಟದ್ದಲ್ಲ. ಅಜ್ಜ ಮೊಮ್ಮಕ್ಕಳ ನಡುವೆ ಏನು ದಾಟುತ್ತಿದೆ ಎಂಬುದು. ಅದಕ್ಕೆ ಸಮಾಧಾನವಾಗಿ ಉತ್ತರಿಸಬೇಕಾಗಿದೆ.

ಮೊದಲು ‘ಅಭಿಮಾನ’ ಎಂಬ ಶಬ್ದವನ್ನೇ ನೋಡೋಣ. ಅದು ‘ಮನ್’ ಎಂಬ ಧಾತುವಿನಿಂದ ಬಂದದ್ದು. ಬಗೆಯುವುದು, ಎಣಿಸುವುದು ಎಂಬುದು ಆ ಧಾತುವಿನ ಅರ್ಥ. ಒಂದು ವಸ್ತುವನ್ನು ‘ಇದು ನನ್ನದು’ ಎಂದು ಬಗೆಯುವುದೇ ಅಭಿಮಾನ. ಸಾಂಖ್ಯಶಾಸ್ತ್ರವು ಅದನ್ನು ಅಹಂಕಾರದ ವ್ಯಾಪಾರವೆಂದೇ ಹೇಳುತ್ತದೆ. ಕನ್ನಡಿಗರ ಬಾಯಲ್ಲಿ ಮಾತ್ರ ಆ ಶಬ್ದವು ಮೃದುವಾಗಿದೆ. ಭಾಷಾಭಿಮಾನ, ನಾಡಿನ ಅಭಿಮಾನ ಎಂದಾಗ ಪ್ರೀತಿ, ಗೌರವ, ಹೆಮ್ಮೆ ಮೂರೂ ಕೂಡಿದ ಭಾವವೇ ನಮಗೆ ಹೊಳೆಯುತ್ತದೆ. ಹೀಗೆ ಒಂದೇ ಶಬ್ದದಲ್ಲಿ ಎರಡು ದಾರಿಗಳಿವೆ. ‘ತಂಡ ನನ್ನದು’ ಎಂಬುದು ಒಂದು ದಾರಿ, ‘ನಾನು ತಂಡದವನು’ ಎಂಬುದು ಇನ್ನೊಂದು. ಮೊದಲನೆಯ ದಾರಿಯಲ್ಲಿ ತಂಡ ಸೋತರೆ ನನಗೆ ಅವಮಾನವಾಗುತ್ತದೆ, ಅದರಿಂದ ಸಿಟ್ಟು ಹುಟ್ಟುತ್ತದೆ. ಎರಡನೆಯ ದಾರಿಯಲ್ಲಿ ತಂಡದ ಸೋಲು ಮನೆಯವರಿಗೆ ಬಂದ ಕಷ್ಟದಂತೆ ತೋರುತ್ತದೆ, ಅದರಿಂದ ಜೊತೆಗಿರಬೇಕೆಂಬ ಭಾವ ಹುಟ್ಟುತ್ತದೆ. ಮಗುವು ಯಾವ ದಾರಿಯನ್ನು ಹಿಡಿಯುವುದೆಂಬುದು ಬಹುಮಟ್ಟಿಗೆ ಅದರ ಪಕ್ಕದಲ್ಲಿ ಕುಳಿತ ಹಿರಿಯರನ್ನು ಅವಲಂಬಿಸಿರುತ್ತದೆ.

ಇದನ್ನು ವಿವರಿಸಲು ನಾನು ಹತ್ತಿರದಿಂದ ಕಂಡ ಒಂದು ಮನೆಯ ದೃಷ್ಟಾಂತವನ್ನು ಕೊಡುತ್ತೇನೆ. ಅದು ನನ್ನ ಸೋದರಮಾವನವರ ಮನೆ. ಮಠದ ಪಾಠಶಾಲೆಗೆ ಸೇರುವ ಮೊದಲು ಕೆಲವು ವರ್ಷ ನಾನು ಅಲ್ಲಿಯೇ ಇದ್ದು ಓದಿದೆ. ಮಾವನವರು ಧಾರವಾಡ ಜಿಲ್ಲೆಯ ಒಂದು ಹಳ್ಳಿಯಲ್ಲಿ ಪ್ರಾಥಮಿಕ ಶಾಲೆಯ ಶಿಕ್ಷಕರು. ಅವರು ಹುಟ್ಟಿದ್ದು 1934ರಲ್ಲಿ. ರಣಜಿ ಟ್ರೋಫಿ ಪಂದ್ಯಾವಳಿ ಆರಂಭವಾದದ್ದೂ ಅದೇ ವರ್ಷ. ‘ನಾನೂ ಅದೂ ಒಂದೇ ವಾರಿಗೆಯವರು’ ಎಂದು ಅವರು ನಗುತ್ತಿದ್ದರು. ಆ ಪಂದ್ಯಾವಳಿಯ ಮೊಟ್ಟಮೊದಲ ಪಂದ್ಯ 1934ರ ನವೆಂಬರ್ 4ರಂದು ಮದರಾಸಿನ ಚೆಪಾಕ್ ಮೈದಾನದಲ್ಲಿ ನಡೆಯಿತು. ಆಡಿದವರು ಮದರಾಸು ಮತ್ತು ಮೈಸೂರು ತಂಡಗಳು. ಪಂದ್ಯವು ಒಂದೇ ದಿನದಲ್ಲಿ ಮುಗಿದುಹೋಯಿತು, ಸೋತದ್ದು ಮೈಸೂರು. ಈ ಸಂಗತಿಯನ್ನು ಮಾವನವರು ನಮಗೆ ಹೇಳುವಾಗ ಸಂಕೋಚಪಡುತ್ತಿರಲಿಲ್ಲ. ಮನೆತನದ ಹಿರಿಯರೊಬ್ಬರು ಬಡತನದಲ್ಲಿ ಬಾಳು ಆರಂಭಿಸಿದರೆಂದು ಹೇಳುವಂತೆ ಹೇಳುತ್ತಿದ್ದರು.

ಮೈಸೂರು ತಂಡವು 1941-42ರಲ್ಲಿಯೂ 1959-60ರಲ್ಲಿಯೂ ಅಂತಿಮ ಪಂದ್ಯದವರೆಗೆ ಬಂದು ಎರಡು ಸಲವೂ ಮುಂಬಯಿ ತಂಡಕ್ಕೆ ಸೋತಿತು. ಆ ಮುಂಬಯಿ ತಂಡದ ಬಲವನ್ನು ಇಂದಿನ ಮಕ್ಕಳಿಗೆ ಹೇಳಿದರೆ ನಂಬಲಾರರು. 1958-59ರಿಂದ 1972-73ರವರೆಗೆ ಸತತವಾಗಿ 15 ವರ್ಷ ಪ್ರಶಸ್ತಿಯನ್ನು ಅವರೇ ಗೆದ್ದರು. ಈ ನಡುವೆ ಭದ್ರಾವತಿಯ ಹುಡುಗ ಗುಂಡಪ್ಪ ವಿಶ್ವನಾಥರು 1967ರಲ್ಲಿ ಮೈಸೂರಿನ ಪರವಾಗಿ ಆಡಿದ ಮೊದಲ ಪಂದ್ಯದಲ್ಲಿಯೇ ಆಂಧ್ರದ ವಿರುದ್ಧ 230 ರನ್ ಹೊಡೆದರು. ಆ ಸುದ್ದಿ ಬಂದ ದಿನದಿಂದ ತಮ್ಮ ಪುಸ್ತಕ ಆರಂಭವಾಯಿತೆಂದು ಮಾವನವರು ಹೇಳುತ್ತಿದ್ದರು.

ಆ ಪುಸ್ತಕದ ವಿಷಯವನ್ನು ಸ್ವಲ್ಪ ಹೇಳಬೇಕು. ಅದು ಉದ್ದನೆಯ ಲೆಕ್ಕದ ಪುಸ್ತಕ. ಕಿರಾಣಿ ಅಂಗಡಿಯವರು ಉದ್ರಿ ಬರೆದಿಡುವ ಬಗೆಯದು. ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುತ್ತಿದ್ದ ದಿನಪತ್ರಿಕೆ ಮಧ್ಯಾಹ್ನದ ಹೊತ್ತಿಗೆ ಹಳ್ಳಿಯನ್ನು ಮುಟ್ಟುತ್ತಿತ್ತು. ಶಾಲೆ ಬಿಟ್ಟು ಬಂದ ಮಾವನವರು ಚಹಾ ಕುಡಿದು, ಕನ್ನಡಕ ಹಾಕಿಕೊಂಡು, ನಮ್ಮ ತಂಡದ ಪಂದ್ಯದ ಅಂಕಪಟ್ಟಿಯನ್ನು ಪುಸ್ತಕಕ್ಕೆ ಇಳಿಸುತ್ತಿದ್ದರು. ಯಾರು ಎಷ್ಟು ರನ್ ಮಾಡಿದರು, ಯಾರು ಯಾರಿಗೆ ಔಟಾದರು, ಯಾರು ಎಷ್ಟು ವಿಕೆಟ್ ತೆಗೆದರು ಎಂಬುದೆಲ್ಲ ದುಂಡನೆಯ ಅಕ್ಷರಗಳಲ್ಲಿ ಬೀಳುತ್ತಿತ್ತು. ನಾವು ಹುಡುಗರು ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಸಾಲನ್ನು ಪತ್ರಿಕೆಯಿಂದ ಗಟ್ಟಿಯಾಗಿ ಓದಿ ಹೇಳಬೇಕು. ಅಂಕಿಗಳನ್ನು ಕೂಡಿಸಿ ತಾಳೆ ನೋಡುವುದೂ ನಮ್ಮ ಕೆಲಸ. ನನಗೆ ಸಂಕಲನವು ಬಾಯಿಗೆ ಬಂದದ್ದು ಆ ಪುಸ್ತಕದಿಂದಲೇ. ಗೆದ್ದ ಪಂದ್ಯಕ್ಕೆ ಬೇರೆ ಬಣ್ಣದ ಶಾಯಿ ಇರಲಿಲ್ಲ. ಸೋತ ಪಂದ್ಯವನ್ನು ಬಿಡುವ ಪದ್ಧತಿಯೂ ಇರಲಿಲ್ಲ. ನಮ್ಮವರು ಸೋತ ದಿನ ಎದುರಾಳಿಗಳ ಸಾಲುಗಳನ್ನು ಮೊದಲು ಬರೆಸುತ್ತಿದ್ದರು. ‘ಯಾರು ಚಲೋ ಆಡಿದರೋ ಅವರ ಹೆಸರು ಮೊದಲು’ ಎಂಬುದು ಅವರ ನಿಯಮ.

1973ರ ನವೆಂಬರ್ 1ರಂದು ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಯಿತು. ತಂಡವೂ ಆ ವರ್ಷದಿಂದ ಕರ್ನಾಟಕ ತಂಡವಾಯಿತು. ನಮ್ಮ ಕಡೆಯ ಜನರಿಗೆ ಇದು ಸಣ್ಣ ಬದಲಾವಣೆಯಾಗಿರಲಿಲ್ಲ. ‘ಮೈಸೂರು’ ಎಂಬ ಹೆಸರಿನ ತಂಡವನ್ನು ತಮ್ಮದೆನ್ನಲು ಧಾರವಾಡ, ಬೆಳಗಾವಿ, ವಿಜಾಪುರ, ಕಲಬುರ್ಗಿಗಳ ಕೆಲವರಿಗೆ ಅಷ್ಟಿಷ್ಟು ಅಳುಕಿತ್ತು. ಹೆಸರು ಬದಲಾದದ್ದೇ ತಡ, ಆ ಅಳುಕು ಹೋಯಿತು. ಅದೇ ಋತುವಿನಲ್ಲಿ, 1974ರಲ್ಲಿ, ಬೆಂಗಳೂರಿನಲ್ಲಿ ಸೆಮಿಫೈನಲ್ ಪಂದ್ಯ ನಡೆಯಿತು. ಎದುರಾಳಿ ಮತ್ತೆ ಮುಂಬಯಿ. ನಮ್ಮ ನಾಯಕರು ಎರ‍್ರಪಳ್ಳಿ ಪ್ರಸನ್ನ. ವಿಶ್ವನಾಥರು 162, ಬ್ರಿಜೇಶ್ ಪಟೇಲರು 106 ರನ್ ಮಾಡಿದರು. ತಂಡದ ಮೊತ್ತ 385 ಆಯಿತು. ರಣಜಿ ಪಂದ್ಯವು ನಿಗದಿಯಾದ ದಿನಗಳಲ್ಲಿ ಮುಗಿಯದಿದ್ದರೆ ಮೊದಲನೆಯ ಇನಿಂಗ್ಸ್‌ನಲ್ಲಿ ಹೆಚ್ಚು ರನ್ ಮಾಡಿದವರೇ ಮುಂದಕ್ಕೆ ಹೋಗುತ್ತಾರೆ. ಆದ್ದರಿಂದ 385ನ್ನು ದಾಟುವುದೇ ಮುಂಬಯಿಯ ಗುರಿ.

ಮಾವನವರ ಮನೆಯ ಪಡಸಾಲೆಯಲ್ಲಿ ರೇಡಿಯೊ ಸುತ್ತ ಅರ್ಧ ಓಣಿಯೇ ನೆರೆದಿತ್ತು. ಸುನೀಲ್ ಗವಾಸ್ಕರರನ್ನು ಪ್ರಸನ್ನ ಬೌಲ್ಡ್ ಮಾಡಿದಾಗ ಎದ್ದ ಕೂಗಿಗೆ ಕೊಟ್ಟಿಗೆಯ ಎಮ್ಮೆ ಬೆದರಿತು. ಆದರೂ ಮುಂಬಯಿ ಬಗ್ಗಲಿಲ್ಲ. ಅವರ ನಾಯಕ ಅಜಿತ್ ವಾಡೇಕರರು ನೆಲೆಯೂರಿ ಆಡುತ್ತಿದ್ದರು. ಅಷ್ಟರಲ್ಲಿ ಓಡುವಾಗ ಅವರ ಕಾಲು ಜಾರಿತು, ಬಿದ್ದರು, ರನ್‌ಔಟಾದರು. ಹುಡುಗರು ಕುಣಿಯತೊಡಗಿದರು. ಮಾವನವರು ರೇಡಿಯೊದ ಧ್ವನಿಯನ್ನು ಸಣ್ಣದು ಮಾಡಿ, ‘ತಮ್ಮಾ, ಔಟಾದದ್ದಕ್ಕ ಸಂತೋಷಪಡ್ರಿ, ಬಿದ್ದದ್ದಕ್ಕ ನಗಬ್ಯಾಡ್ರಿ. ಹದಿನೈದು ವರ್ಷ ಗೆದ್ದಾರ ಅವರು’ ಎಂದರು. ಮುಂಬಯಿಯ ಆಟ 307ಕ್ಕೆ ಮುಗಿಯಿತು. ಕರ್ನಾಟಕವು ಮುಂದೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ ಮೊದಲ ಸಲ ರಣಜಿ ಟ್ರೋಫಿಯನ್ನು ಗೆದ್ದಿತು. ಆ ಪಂದ್ಯದ ಎಷ್ಟೋ ವಿವರಗಳು ನನಗೆ ಮರೆತಿವೆ. ರೇಡಿಯೊದ ಗುಂಡಿಯನ್ನು ತಿರುವಿದ ಕೈಯೂ ಆ ಮಾತೂ ಮರೆತಿಲ್ಲ.

ಓದುಗರು ಇಲ್ಲಿ ಒಂದು ಸಂಗತಿಯನ್ನು ಗಮನಿಸಬೇಕು. ಮಾವನವರು ಎಂದೂ ನಮ್ಮನ್ನು ಕೂಡ್ರಿಸಿಕೊಂಡು ‘ನೀವು ಕರ್ನಾಟಕ ತಂಡದ ಅಭಿಮಾನಿಗಳಾಗಿರಿ’ ಎಂದು ಬೋಧಿಸಲಿಲ್ಲ. ಅವರು ಮಾಡಿದ್ದು ತಮ್ಮ ಪಕ್ಕದಲ್ಲಿ ನಮಗೆ ಜಾಗ ಕೊಟ್ಟದ್ದು, ಕೈಗೊಂದು ಕೆಲಸ ಕೊಟ್ಟದ್ದು. ಮಕ್ಕಳು ಕಿವಿಯಿಂದ ಕಲಿಯುವುದಕ್ಕಿಂತ ಪಕ್ಕದಿಂದ ಕಲಿಯುವುದು ಹೆಚ್ಚು. ತಾಯಿಯ ಪಕ್ಕದಲ್ಲಿ ಕುಳಿತು ರೊಟ್ಟಿ ಬಡಿಯುವುದನ್ನು ಕಲಿಯುವಂತೆ, ತಂದೆಯ ಹಿಂದೆ ನಡೆದು ಬಿತ್ತುವುದನ್ನು ಕಲಿಯುವಂತೆ ಇದೂ ಒಂದು ಕಲಿಕೆ.

1977-78ರಲ್ಲಿ ಚಿಕ್ಕಮಗಳೂರಿನಲ್ಲಿ ಕೇರಳದ ವಿರುದ್ಧ ರೋಜರ್ ಬಿನ್ನಿ ಮತ್ತು ಸಂಜಯ ದೇಸಾಯಿ ಅವರು ಮೊದಲನೆಯ ವಿಕೆಟ್ಟಿಗೆ ಔಟಾಗದೆ 451 ರನ್ ಕೂಡಿಸಿದರು. ಆ ಋತುವಿನಲ್ಲಿ ಎರಡನೆಯ ಪ್ರಶಸ್ತಿ ಬಂತು. 1982-83ರಲ್ಲಿ ಮುಂಬಯಿ ತಂಡವನ್ನು ಅದರ ಊರಿನಲ್ಲಿಯೇ ಹಿಂದಿಕ್ಕಿ ಮೂರನೆಯ ಸಲ ಗೆದ್ದರು. ಆಮೇಲೆ ಬರಗಾಲ. 1995-96ರವರೆಗೆ ಪ್ರಶಸ್ತಿ ಬರಲಿಲ್ಲ. ಈ ನಡುವೆ 1983ರಲ್ಲಿ ಭಾರತ ವಿಶ್ವಕಪ್ ಗೆದ್ದಿತು, ಮನೆಮನೆಗೆ ಟೀವಿ ಬಂತು, ಒಂದು ದಿನದ ಪಂದ್ಯಗಳ ಭರಾಟೆ ಹೆಚ್ಚಿತು. ರಣಜಿ ಪಂದ್ಯವನ್ನು ಕೇಳುವವರೇ ವಿರಳವಾದರು. ಪಡಸಾಲೆಯಲ್ಲಿ ನೆರೆಯುತ್ತಿದ್ದ ಓಣಿ ಚದುರಿತು. ನಾವೆಲ್ಲ ಓದಿಗೆಂದು, ನೌಕರಿಗೆಂದು ಬೇರೆ ಬೇರೆ ಊರು ಸೇರಿದೆವು. ಮಾವನವರ ಪುಸ್ತಕ ಮಾತ್ರ ನಿಲ್ಲಲಿಲ್ಲ. ಆ ವರ್ಷಗಳ ಪುಟಗಳನ್ನು ನಾನು ಮುಂದೆ ತಿರುವಿ ನೋಡಿದ್ದೇನೆ. ಅಕ್ಷರವು ಎಲ್ಲಿಯೂ ಅವಸರದ್ದಾಗಿಲ್ಲ. ಇಷ್ಟು ವರ್ಷ ಗೆಲುವಿಲ್ಲದೆ ಬೇಸರವಾಗದೆ ಎಂದು ಒಮ್ಮೆ ಕೇಳಿದಾಗ ಅವರು ಹೇಳಿದ್ದಿಷ್ಟು: ‘ಗೆದ್ದಾಗ ಊರೆಲ್ಲಾ ಬರ್ತದ. ಸೋತಾಗ ಮನಿಯವರು ಬರಬೇಕು.’

ಬರಗಾಲ ಕಳೆಯಿತು. ಅನಿಲ್ ಕುಂಬ್ಳೆ, ಜಾವಗಲ್ ಶ್ರೀನಾಥ್, ವೆಂಕಟೇಶ ಪ್ರಸಾದ್, ರಾಹುಲ್ ದ್ರಾವಿಡ್ ಅವರ ಪೀಳಿಗೆ ಬಂತು. 1995-96, 1997-98, 1998-99 ಹೀಗೆ ನಾಲ್ಕು ಋತುಗಳಲ್ಲಿ ಮೂರು ಸಲ ಪ್ರಶಸ್ತಿ ಬಂತು. ಈ ತಂಡದಲ್ಲಿ ಮಾವನವರಿಗೆ ಹೆಚ್ಚು ಅಕ್ಕರೆ ಇದ್ದದ್ದು ಗದುಗಿನ ಸುನೀಲ ಜೋಶಿಯವರ ಮೇಲೆ. ಹುಡುಗನಾಗಿದ್ದಾಗ ಜೋಶಿಯವರು ನಸುಕಿನಲ್ಲಿಯೇ ಎದ್ದು ಗದುಗಿನಿಂದ ಹುಬ್ಬಳ್ಳಿಗೆ, ಅಂದರೆ ಸುಮಾರು 60 ಕಿಲೋಮೀಟರ್ ದೂರ ಪ್ರಯಾಣ ಮಾಡಿ, ಅಭ್ಯಾಸ ಮುಗಿಸಿ, ಶಾಲೆಯ ಹೊತ್ತಿಗೆ ಮತ್ತೆ ಗದುಗಿಗೆ ಮರಳುತ್ತಿದ್ದರು. ಶಾಲೆಗೆ ತಡವಾಗಿ ಬರುವ ಹುಡುಗರಿಗೆಲ್ಲ ಮಾವನವರು ಈ ಕಥೆಯನ್ನು ಹೇಳುತ್ತಿದ್ದರೆಂದು ಊರಿನವರು ಈಗಲೂ ನೆನೆಯುತ್ತಾರೆ.

ಅವರ ಮಗನಿಗೆ, ಎಂದರೆ ನನ್ನ ಭಾವನವರಿಗೆ, ಆಟದಲ್ಲಿ ಅಷ್ಟು ಆಸಕ್ತಿಯಿಲ್ಲ. ಅದಕ್ಕಾಗಿ ಮಾವನವರು ಎಂದೂ ಬೇಸರಪಟ್ಟುಕೊಳ್ಳಲಿಲ್ಲ. ಕೊಡುವವರು ಕೊಡುತ್ತಿರಬೇಕು, ತೆಗೆದುಕೊಳ್ಳುವವರು ಯಾವಾಗಲೋ ಬರುತ್ತಾರೆ. ಇಲ್ಲಿ ಬಂದವಳು ಮೊಮ್ಮಗಳು. ಮಾವನವರಿಗೆ ಕಣ್ಣಿನ ತೊಂದರೆ ಹೆಚ್ಚಾದಾಗ ಅವಳು ಪತ್ರಿಕೆ ಓದಿ ಹೇಳುವವಳಾದಳು. ಮುಂದೆ ಅವರಿಂದ ಬರೆಯಲಿಕ್ಕೂ ಆಗದಾಯಿತು. ಆಗ ಲೇಖನಿಯೂ ಅವಳ ಕೈಗೆ ಬಂತು. 2010ರ ಜನವರಿಯಲ್ಲಿ ಮೈಸೂರಿನಲ್ಲಿ ಅಂತಿಮ ಪಂದ್ಯ ನಡೆಯಿತು. ಎದುರಾಳಿ ಹಳೆಯ ಮುಂಬಯಿಯೇ. ಮೊದಲನೆಯ ಇನಿಂಗ್ಸ್‌ನಲ್ಲಿ 130ಕ್ಕೆ ಕುಸಿದಿದ್ದ ಕರ್ನಾಟಕಕ್ಕೆ ಗೆಲ್ಲಲು 338 ರನ್ ಬೇಕಾಗಿತ್ತು. ಇಪ್ಪತ್ತು ವರ್ಷದ ಮನೀಷ್ ಪಾಂಡೆ 144 ರನ್ ಮಾಡಿದರು. ಗೆಲುವು ಕೈಗೆ ಬಂದೇಬಿಟ್ಟಿತೆನ್ನುವಷ್ಟರಲ್ಲಿ ತಂಡವು 331ಕ್ಕೆ ಆಟ ಮುಗಿಸಿತು. ಸೋತದ್ದು ಕೇವಲ 6 ರನ್ನುಗಳಿಂದ.

ಹನ್ನೆರಡು ವರ್ಷದ ಆ ಹುಡುಗಿ ಅತ್ತಳು. ಈ ಪಂದ್ಯವನ್ನು ಬರೆಯುವುದಿಲ್ಲವೆಂದು ಹಟ ಹಿಡಿದಳು. ಮಾವನವರು ಒತ್ತಾಯ ಮಾಡಲಿಲ್ಲ, ಸಮಾಧಾನದ ಮಾತನ್ನೂ ಆಡಲಿಲ್ಲ. ಅವಳು ಅತ್ತು ಮುಗಿಯುವವರೆಗೆ ಪಕ್ಕದಲ್ಲಿ ಸುಮ್ಮನೆ ಕುಳಿತಿದ್ದರು. ಮರುದಿನ ಪತ್ರಿಕೆ ಬಂದಾಗ ‘ಮುಂಬಯಿಯವರದು ಮೊದಲು ಬರಿಯವ್ವಾ’ ಎಂದರು. ಅವಳು ಬರೆದಳು. ಆ ಪುಟದಲ್ಲಿ ಒಂದೆರಡು ಕಡೆ ಶಾಯಿ ಹರಡಿದೆ.

ಮಾವನವರು 2012ರಲ್ಲಿ ತೀರಿಕೊಂಡರು. 2014ರ ಆರಂಭದಲ್ಲಿ ಹೈದರಾಬಾದಿನಲ್ಲಿ ವಿನಯ್ ಕುಮಾರ್ ನಾಯಕತ್ವದ ಕರ್ನಾಟಕವು ಮಹಾರಾಷ್ಟ್ರವನ್ನು ಸೋಲಿಸಿ, 15 ವರ್ಷಗಳ ತರುವಾಯ ಪ್ರಶಸ್ತಿಯನ್ನು ಗೆದ್ದಿತು. ಮರುವರ್ಷ ಮುಂಬಯಿಯ ವಾಂಖೆಡೆ ಮೈದಾನದಲ್ಲಿ ತಮಿಳುನಾಡಿನ ವಿರುದ್ಧ ಕರುಣ್ ನಾಯರ್ 328 ರನ್ ಮಾಡಿದರು. ಎಂಟನೆಯ ಸಲ ಟ್ರೋಫಿ ಬಂತು. ಆ ವರ್ಷಗಳಲ್ಲಿ ಕರ್ನಾಟಕದ ಪರವಾಗಿ ಸ್ಟುವರ್ಟ್ ಬಿನ್ನಿ ಆಡುತ್ತಿದ್ದರು. ಚಿಕ್ಕಮಗಳೂರಿನಲ್ಲಿ 451ರ ಜೊತೆಯಾಟದಲ್ಲಿದ್ದ ರೋಜರ್ ಬಿನ್ನಿಯವರ ಮಗ. ತಂದೆಯ ಅಂಕಗಳನ್ನು ಅಜ್ಜ ಬರೆದರು, ಮಗನ ಅಂಕಗಳನ್ನು ಮೊಮ್ಮಗಳು ಬರೆದಳು. ಅವಳೀಗ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ. ಅಂಕಪಟ್ಟಿಗಳೆಲ್ಲ ಫೋನಿನಲ್ಲಿ ಸಿಗುತ್ತಿರುವಾಗ ಕೈಯಿಂದ ಏಕೆ ಬರೆಯುತ್ತೀ ಎಂದು ಕೇಳಿದೆ. ‘ಬರೆಯುವಾಗ ಅಜ್ಜ ಪಕ್ಕದಾಗ ಇದ್ದಂಗ ಅನಸತದ, ಮಾಮಾ’ ಎಂದಳು.

ಆಜೀವ ಅಭಿಮಾನದ ರಹಸ್ಯ ಈ ಮಾತಿನಲ್ಲಿದೆ. ನಾವು ತಂಡವನ್ನು ಪ್ರೀತಿಸುತ್ತೇವೆಂದು ತಿಳಿದಿರುತ್ತೇವೆ. ಆ ಪ್ರೀತಿಯ ಬೇರು ತಂಡದಲ್ಲಿರುವುದಿಲ್ಲ, ತಂಡವನ್ನು ತೋರಿಸಿಕೊಟ್ಟವರಲ್ಲಿರುತ್ತದೆ. ಆಟಗಾರರು ಹತ್ತು ವರ್ಷಕ್ಕೊಮ್ಮೆ ಬದಲಾಗುತ್ತಾರೆ, ನಾಯಕರು ಬದಲಾಗುತ್ತಾರೆ, ತಂಡದ ಹೆಸರೂ ಬದಲಾದೀತು. ಬದಲಾಗದೆ ಉಳಿಯುವುದು ಒಂದು ಧ್ವನಿ, ಒಂದು ಪಡಸಾಲೆ, ಹಿರಿಯರು ಸೋಲನ್ನು ಹೊತ್ತ ರೀತಿ. ಗೆಲುವಿನಲ್ಲಿ ಎಲ್ಲ ಹಿರಿಯರೂ ಒಂದೇ ತೆರನಾಗಿ ಕಾಣುತ್ತಾರೆ. ಸೋಲಿನ ದಿನ ಅವರ ಸ್ವಭಾವ ಮಕ್ಕಳಿಗೆ ಗೋಚರವಾಗುತ್ತದೆ. ಮುಂದೆ ಪರೀಕ್ಷೆಯಲ್ಲಿ ನಪಾಸಾದಾಗ, ಬೆಳೆ ಕೈಕೊಟ್ಟಾಗ, ನೌಕರಿ ಹೋದಾಗ ಹೇಗಿರಬೇಕೆಂಬ ಪಾಠವನ್ನು ಮಕ್ಕಳು ತಮಗರಿವಿಲ್ಲದೆ ಅಲ್ಲಿಯೇ ಕಲಿತಿರುತ್ತಾರೆ.

ಇದಕ್ಕೆ ವಿರುದ್ಧವಾದ ಮನೆಗಳನ್ನೂ ನಾನು ಕಂಡಿದ್ದೇನೆ. ಕ್ಯಾಚು ಬಿಟ್ಟ ಆಟಗಾರನ ತಾಯಿತಂದೆಯವರೆಗೆ ಹೋಗಿ ಬೈಯುವ ಹಿರಿಯರಿದ್ದಾರೆ. ತಂಡ ಸೋತ ರಾತ್ರಿ ಹೆಂಡತಿಯ ಮೇಲೆ, ಅಡುಗೆಯ ಮೇಲೆ ಸಿಟ್ಟು ತೀರಿಸಿಕೊಳ್ಳುವವರಿದ್ದಾರೆ. ಅಲ್ಲಿಯೂ ಮಕ್ಕಳು ಪಕ್ಕದಲ್ಲಿಯೇ ಕುಳಿತಿರುತ್ತಾರೆ, ಅಲ್ಲಿಯೂ ಕಲಿಯುತ್ತಾರೆ. ಅಂಥ ಮನೆಯಲ್ಲಿ ಬೆಳೆದ ಹುಡುಗನು ಮುಂದೆ ಆಟಗಾರರಿಗೆ ಫೋನಿನ ಮೂಲಕ ಹೊಲಸು ಮಾತುಗಳನ್ನು ಬರೆದು ಕಳಿಸಿದರೆ ತಪ್ಪನ್ನು ಫೋನಿನ ಮೇಲೆ ಹೊರಿಸಿ ಪ್ರಯೋಜನವಿಲ್ಲ.

ಇಂದಿನ ಮಕ್ಕಳಿಗೆ ರಣಜಿ ತಂಡಕ್ಕಿಂತ ಹೆಚ್ಚು ಪರಿಚಿತವಾದದ್ದು ರಾಯಲ್ ಚಾಲೆಂಜರ್ಸ್ ಬೆಂಗಳೂರು, ಅವರ ಮಾತಿನಲ್ಲಿ ಆರ್‌ಸಿಬಿ. ಹಿರಿಯರು ಇದನ್ನು ಹಣದ ಆಟವೆಂದು ಹೀಗಳೆಯುವುದುಂಟು. ಆದರೂ ಆ ತಂಡದ ಅಭಿಮಾನಿಗಳ ತಾಳ್ಮೆಯನ್ನು ಮೆಚ್ಚಲೇಬೇಕು. 2008ರಲ್ಲಿ ಐಪಿಎಲ್ ಆರಂಭವಾಯಿತು. 2009, 2011, 2016ರಲ್ಲಿ ಅಂತಿಮ ಪಂದ್ಯದಲ್ಲಿ ಸೋಲಾಯಿತು. ಆದರೂ ಪ್ರತಿ ವರ್ಷ ‘ಈ ಸಲ ಕಪ್ ನಮ್ದೇ’ ಎಂಬ ಘೋಷಣೆ ನಿಲ್ಲಲಿಲ್ಲ. ಆರಂಭದಲ್ಲಿ ತಂದೆಯ ಹೆಗಲ ಮೇಲೆ ಕುಳಿತು ಪಂದ್ಯ ನೋಡಿದ ಮಗು ದೊಡ್ಡದಾಗಿ ಕಾಲೇಜು ಮುಗಿಸಿತು. ಕಪ್ ಬರಲಿಲ್ಲ, ಮಗು ತಂಡವನ್ನು ಬಿಡಲೂ ಇಲ್ಲ. ಕೊನೆಗೆ 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಪಂಜಾಬ್ ತಂಡವನ್ನು 6 ರನ್ನುಗಳಿಂದ ಸೋಲಿಸಿ, 18ನೆಯ ಋತುವಿನಲ್ಲಿ ಕಪ್ ಬಂತು.

ಮರುದಿನ ನಡೆದದ್ದನ್ನು ಎಲ್ಲರೂ ಬಲ್ಲರು. ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ ಕಾಲ್ತುಳಿತವಾಗಿ 11 ಜನ ಪ್ರಾಣ ಕಳೆದುಕೊಂಡರು. ಅವರೆಲ್ಲ ನಮ್ಮ ನಿಮ್ಮಂಥ ಮನೆಗಳಿಂದಲೇ ಬಂದವರು. ಸಂತೋಷವನ್ನು ಹಂಚಿಕೊಳ್ಳಲು ಹೋದದ್ದು ಅಪರಾಧವಲ್ಲ. ಅಷ್ಟು ದೊಡ್ಡ ಜನಸಾಗರವನ್ನು ಸಂಭಾಳಿಸುವ ಹೊಣೆ ಅವರದಾಗಿರಲಿಲ್ಲ. ಅವರ ಅಭಿಮಾನವನ್ನು ಹೀಗಳೆಯುವ ಅಧಿಕಾರ ಯಾರಿಗೂ ಇಲ್ಲ. ಆದರೆ ನಮ್ಮ ಮಕ್ಕಳಿಗೆ ಒಂದು ಮಾತನ್ನು ನಾವು ಹೇಳಿಕೊಡಬಹುದು. ಕಪ್ಪನ್ನು ಹತ್ತಿರದಿಂದ ನೋಡದಿದ್ದರೆ ಅಭಿಮಾನಕ್ಕೆ ಕುಂದಿಲ್ಲ. ಮಾವನವರು ಮೈದಾನದಲ್ಲಿ ಕುಳಿತು ಒಂದು ರಣಜಿ ಪಂದ್ಯವನ್ನೂ ನೋಡಿದವರಲ್ಲ. 45 ವರ್ಷ ದೂರದಿಂದಲೇ ಆ ತಂಡದವರಾಗಿದ್ದರು. ಅವರ ಮೊಮ್ಮಗಳೂ ಆ ದಿನ ಬೆಂಗಳೂರಿನಲ್ಲಿಯೇ ಇದ್ದಳು. ಗೆಳತಿಯರು ಕರೆದರು, ಜನಸಂದಣಿಯ ಸುದ್ದಿ ಕೇಳಿ ಹೋಗಲಿಲ್ಲ. ರಾತ್ರಿ ಫೋನು ಮಾಡಿದವಳು ಬಹಳ ಹೊತ್ತು ಮಾತನಾಡಲಿಲ್ಲ. ಸುರಕ್ಷಿತವಾಗಿದ್ದೀಯಷ್ಟೆ ಎಂದು ಕೇಳುವುದರ ಹೊರತು ನನಗೂ ಮಾತು ಹೊಳೆಯಲಿಲ್ಲ.

ಇನ್ನೊಂದು ಎಚ್ಚರಿಕೆಯನ್ನು ಹೇಳುವುದು ಅಗತ್ಯ. ಆಟದ ಮೇಲೆ ಹಣ ಕಟ್ಟುವ ಚಟ ಹಳ್ಳಿಹಳ್ಳಿಗೂ ಹಬ್ಬಿದೆ. ಹಣವಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾನೂನನ್ನು ಸಂಸತ್ತು 2025ರ ಆಗಸ್ಟ್ ತಿಂಗಳಲ್ಲಿ ಅಂಗೀಕರಿಸಿತು. ಕಾನೂನು ತನ್ನ ಕೆಲಸ ಮಾಡಲಿ, ಮನೆಯ ಹಿರಿಯರೂ ತಮ್ಮ ಕೆಲಸ ಮಾಡಬೇಕು. ಹಣ ಕಟ್ಟಿದ ಕ್ಷಣದಿಂದ ತಂಡದ ಸೋಲು ದುಃಖವಾಗಿ ಉಳಿಯುವುದಿಲ್ಲ, ನಷ್ಟವಾಗುತ್ತದೆ. ದುಃಖವನ್ನು ಮನೆಯವರೊಡನೆ ಹಂಚಿಕೊಳ್ಳಬಹುದು. ಜೂಜಿನ ನಷ್ಟವನ್ನು ಮನೆಯವರಿಂದ ಮುಚ್ಚಿಡಬೇಕಾಗುತ್ತದೆ. ಆಟ ನೋಡುವ ಹುಡುಗನು ಮನೆಯವರ ನಡುವೆ ಕೂಡ್ರದೆ ಕೋಣೆಯ ಬಾಗಿಲು ಹಾಕಿಕೊಳ್ಳತೊಡಗಿದರೆ ತಾಯಂದಿರು ಚಿಂತಿಸಬೇಕಾದದ್ದು ಆಗ.

ಹೆಣ್ಣುಮಕ್ಕಳಿಗೆ ಆಟದ ಗೊಡವೆ ಏಕೆ ಎನ್ನುವವರು ನಮ್ಮಲ್ಲಿ ಈಗಲೂ ಇದ್ದಾರೆ. ವಿಜಯಪುರದ ರಾಜೇಶ್ವರಿ ಗಾಯಕವಾಡ 2017ರ ವಿಶ್ವಕಪ್‌ನಲ್ಲಿ ನ್ಯೂಜಿಲೆಂಡ್ ವಿರುದ್ಧ 15 ರನ್ ಕೊಟ್ಟು 5 ವಿಕೆಟ್ ತೆಗೆದದ್ದನ್ನು ಅವರು ನೆನೆಯಲಿ. ಆರ್‌ಸಿಬಿಗೆ ಮೊದಲ ಕಪ್ ತಂದುಕೊಟ್ಟವರೂ ಮಹಿಳೆಯರೇ. ಪುರುಷರ ತಂಡಕ್ಕಿಂತ ಒಂದು ವರ್ಷ ಮೊದಲು, 2024ರ ಮಾರ್ಚ್‌ನಲ್ಲಿ ಅವರು ಗೆದ್ದರು. ಆ ಅಂತಿಮ ಪಂದ್ಯದಲ್ಲಿ ನಮ್ಮ ಶ್ರೇಯಾಂಕಾ ಪಾಟೀಲ 4 ವಿಕೆಟ್ ತೆಗೆದರು. ಅಜ್ಜನ ಪಕ್ಕದ ಜಾಗ ಮೊಮ್ಮಗನಿಗೆಷ್ಟೋ ಮೊಮ್ಮಗಳಿಗೂ ಅಷ್ಟೇ.

ಆದುದರಿಂದ ಪತ್ರ ಬರೆದ ತಾಯಿಗೂ, ಅಂಥದೇ ಪ್ರಶ್ನೆಯುಳ್ಳ ಇತರ ಮನೆಗಳಿಗೂ ನನ್ನ ವಿನಂತಿ ಇಷ್ಟು. ಅಜ್ಜ ಮೊಮ್ಮಗ ಕೂಡಿ ಕುಳಿತಿರುವುದನ್ನು ತಪ್ಪಿಸಬೇಡಿರಿ. ಊಟದ ಹೊತ್ತು ಮೀರದಂತೆ ತಾಟುಗಳನ್ನು ಅಲ್ಲಿಗೇ ಕೊಂಡೊಯ್ದು ನೀವೂ ಸ್ವಲ್ಪ ಹೊತ್ತು ಕೂಡ್ರಿರಿ. ತಂಡ ಸೋತ ದಿನ ಮನೆಯಲ್ಲಿ ಯಾವ ಮಾತು ಹೊರಡುತ್ತದೆಂಬುದರ ಕಡೆಗೆ ಕಿವಿಯಿರಲಿ. ಅಲ್ಲಿ ಬೈಗುಳ ಕೇಳಿಸಿದರೆ ಹಿರಿಯರಿಗೆ ಏಕಾಂತದಲ್ಲಿ ಮೃದುವಾಗಿ ತಿಳಿಸಿ ಹೇಳಿರಿ, ಮಗುವಿನ ಎದುರಿನಲ್ಲಿ ಬೇಡ. ಚಳಿಗಾಲ ಬಂದಾಗ ಹುಬ್ಬಳ್ಳಿ, ಶಿವಮೊಗ್ಗ, ಮೈಸೂರುಗಳಲ್ಲಿ ರಣಜಿ ಪಂದ್ಯಗಳು ನಡೆಯುವುದುಂಟು. ಈ ಪಂದ್ಯಗಳಿಗೆ ಸಾಮಾನ್ಯವಾಗಿ ಟಿಕೀಟು ಇರುವುದಿಲ್ಲ, ನೂಕುನುಗ್ಗಲೂ ಇರುವುದಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ಒಂದು ದಿನ ಮಕ್ಕಳನ್ನೂ ಹಿರಿಯರನ್ನೂ ಕರೆದುಕೊಂಡು ಹೋಗಿರಿ. ಮೊದಲನೆಯ ಇನಿಂಗ್ಸ್‌ನ ಮುನ್ನಡೆ ಎಂದರೇನು, ನಾಲ್ಕು ದಿನ ಆಡುವ ಆಟದಲ್ಲಿ ಅವಸರ ಏಕೆ ಸಲ್ಲದು ಎಂಬುದನ್ನು ಹಿರಿಯರೇ ಮಕ್ಕಳಿಗೆ ವಿವರಿಸಲಿ. ಹೋಗುವಾಗ ಮಗುವಿನ ಕೈಯಲ್ಲಿ ಒಂದು ಪುಸ್ತಕ, ಒಂದು ಪೆನ್ನು ಕೊಡುವುದನ್ನು ಮರೆಯಬೇಡಿರಿ.